ಬಣ್ಣ ಹೋದರೆ ವಿಷ ಹೋದಂತೆಯೇ?

ಸಟಾಣಾದ ರೈತರ ಬಾಯಲ್ಲಿ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಹೆಸರಿಲ್ಲ. ನಾಶಿಕ್ ಜಿಲ್ಲೆಯ ಬಾಗಲಾಣ ತಾಲ್ಲೂಕಿನ ಈ ಊರು ದಾಳಿಂಬೆಗೆ ಹೆಸರಾದದ್ದು. ಆಮೇಲೆ ‘ತೇಲ್ಯಾ’ ಬಂತು. ಕಾಯಿಯ ಮೇಲೆ ಎಣ್ಣೆ ಚೆಲ್ಲಿದಂಥ ಕಲೆ ಬಿದ್ದು, ಕಪ್ಪಾಗಿ, ಸಿಪ್ಪೆ ಬಿರಿಯುವ ರೋಗ ಅದು. ಮರಾಠಿಯಲ್ಲಿ ತೇಲ ಎಂದರೆ ಎಣ್ಣೆ, ಹಾಗಾಗಿ ತೇಲ್ಯಾ. ಅದನ್ನು ತರುವುದು ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ. ನಮ್ಮ ವಿಜಯಪುರ, ಬಾಗಲಕೋಟೆ, ಕೊಪ್ಪಳದ ದಾಳಿಂಬೆ ಬೆಳೆಗಾರರಿಗೂ ಇದು ಹೊಸದಲ್ಲ. ಅಲ್ಲಿ ಇದಕ್ಕೆ ದುಂಡಾಣು ಅಂಗಮಾರಿ ಎಂದು ಹೆಸರು. ಎಷ್ಟೋ ಜನ ತೋಟ ಕಿತ್ತು ದ್ರಾಕ್ಷಿಗೆ, ಉಳ್ಳಾಗಡ್ಡಿಗೆ, ಗೋವಿನಜೋಳಕ್ಕೆ ಹೊರಳಿದರು.

ಈಗ ಇದೇ ಊರಿನ ಕೃಷಿ ಅಂಗಡಿಗಳಲ್ಲಿ ಬ್ಯಾಕ್ಟೀರಿಯಾ ಬಾಟಲಿಗಳು ಸಾಲಾಗಿ ನಿಂತಿವೆ. ಬೇರಿಗೆ ಒಂದು, ಎಲೆಗೆ ಒಂದು, ರಂಜಕ ಕರಗಿಸಲು ಒಂದು. ಇತ್ತೀಚೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ: ಮಣ್ಣಿನಲ್ಲಿ ಉಳಿದ ಕೀಟನಾಶಕವನ್ನು ಇವು ತಿಂದುಬಿಡುತ್ತವಂತೆ. ಮುಂಬಯಿ, ಪುಣೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿರುವ ನಿಮಗೂ ಇಂಥ ಮಾತು ಬೇರೆ ದಾರಿಯಿಂದ ಬಂದಿರುತ್ತದೆ. ನೆಲಮಾಳಿಗೆಯ ಎಸ್‌ಟಿಪಿ ನಾರುತ್ತಿದೆ, ಒಂದು ಪ್ಯಾಕೆಟ್ ಕಲ್ಚರ್ ಸುರಿದರೆ ಸರಿಹೋಗುತ್ತದೆ ಎಂದು ಗುತ್ತಿಗೆದಾರ ಸೊಸೈಟಿ ಮೀಟಿಂಗಿನಲ್ಲಿ ಹೇಳಿರುತ್ತಾನೆ. ಹೊಲದ ಬಾಟಲಿ, ನೆಲಮಾಳಿಗೆಯ ಪ್ಯಾಕೆಟ್ಟು ಎರಡರ ಹಿಂದೆಯೂ ಒಂದೇ ವಿಜ್ಞಾನವಿದೆ. ಆ ವಿಜ್ಞಾನ ಸುಳ್ಳಲ್ಲ. ಆದರೆ ಅದನ್ನು ಮಾರುವ ರೀತಿಯಲ್ಲಿ ಅರ್ಧ ಮಾತ್ರ ಹೇಳಲಾಗುತ್ತದೆ. ಈ ಸಲದ ಅಂಕಣ ಉಳಿದ ಅರ್ಧದ ಬಗ್ಗೆ.

ಬ್ಯಾಕ್ಟೀರಿಯಾ ವಿಷ ತಿನ್ನುತ್ತದೆ ಎಂದರೆ ಏನು? ಅದು ನಮ್ಮ ಮೇಲಿನ ಕರುಣೆಯಿಂದ ತಿನ್ನುವುದಲ್ಲ. ಕೀಟನಾಶಕ, ಡೀಸೆಲ್, ಬಟ್ಟೆಯ ಬಣ್ಣ ಇವೆಲ್ಲ ಇಂಗಾಲದ ಅಣುಗಳು. ಇಂಗಾಲವಿದ್ದಲ್ಲಿ ಶಕ್ತಿಯಿದೆ, ಶಕ್ತಿಯಿದ್ದಲ್ಲಿ ಊಟವಿದೆ. ಆದರೆ ಒಂದು ದೊಡ್ಡ ಅಣುವನ್ನು ಪೂರ್ತಿ ಒಡೆಯಲು ಹತ್ತಾರು ಕಿಣ್ವಗಳು ಸಾಲಾಗಿ ಕೆಲಸ ಮಾಡಬೇಕು. ಅಷ್ಟೂ ಕಿಣ್ವಗಳು ಒಂದೇ ಜಾತಿಯ ಬ್ಯಾಕ್ಟೀರಿಯಾದಲ್ಲಿ ಇರುವುದು ಅಪರೂಪ. ಒಂದು ಜಾತಿ ಮೊದಲ ತುಂಡು ಕತ್ತರಿಸುತ್ತದೆ, ತನಗೆ ಬೇಕಾದ್ದು ತೆಗೆದುಕೊಂಡು ಉಳಿದದ್ದನ್ನು ಹೊರಗೆ ಬಿಡುತ್ತದೆ. ಆ ಎಂಜಲು ಇನ್ನೊಂದು ಜಾತಿಗೆ ಊಟ. ಅದರ ಎಂಜಲು ಮೂರನೆಯದಕ್ಕೆ. ಸಾಲು ಪೂರ್ತಿಯಿದ್ದರೆ ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು, ಒಂದಿಷ್ಟು ಲವಣ. ಈ ಸಾಲನ್ನೇ ವಿಜ್ಞಾನಿಗಳು ಬ್ಯಾಕ್ಟೀರಿಯಾ ಸಮುದಾಯ ಎನ್ನುತ್ತಾರೆ, ಬಾಟಲಿಯ ಮೇಲೆ ‘ಕನ್ಸಾರ್ಟಿಯಂ’ ಎಂದು ಬರೆದಿರುತ್ತದೆ.

ಅರ್ಥವಾಗಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ, ಇಡ್ಲಿ ಹಿಟ್ಟು ಸಾಕು. ನಾವು ಅಕ್ಕಿ, ಉದ್ದು ನೆನೆಸಿ ರುಬ್ಬಿ ಇಡುತ್ತೇವೆ, ಹೆಪ್ಪು ಹಾಕುವುದಿಲ್ಲ. ಕಾಳಿನ ಮೇಲೆ ಮೊದಲೇ ಇರುವ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಮೊದಲು ಬೆಳೆದು ಗಾಳಿ ತುಂಬುತ್ತದೆ, ಹಿಟ್ಟು ಉಬ್ಬುತ್ತದೆ. ಹುಳಿ ಏರಿದಂತೆ, ಹುಳಿ ತಡೆದುಕೊಳ್ಳಬಲ್ಲ ಪೀಡಿಯೊಕಾಕಸ್‌ನಂಥವು ಮುಂದಕ್ಕೆ ಬರುತ್ತವೆ. ಒಂದರ ಕೆಲಸ ಮುಗಿದಲ್ಲಿ ಇನ್ನೊಂದರ ಕೆಲಸ ಶುರು. ಅದೇ ಅಕ್ಕಿ, ಅದೇ ಉದ್ದು, ಅದೇ ಕೈ. ಆದರೂ ದೆಹಲಿಯ ಜನವರಿಯಲ್ಲಿ ಹಿಟ್ಟು ಉಬ್ಬುವುದಿಲ್ಲ ಎಂದು ಅಲ್ಲಿನ ಕನ್ನಡಿಗರೆಲ್ಲ ಗೊಣಗುತ್ತಾರೆ. ಬ್ಯಾಕ್ಟೀರಿಯಾ ಇಲ್ಲದ್ದಕ್ಕಲ್ಲ, ಬೆಚ್ಚಗಿನ ಜಾಗ ಇಲ್ಲದ್ದಕ್ಕೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಮುದಾಯದ ಬಲ ಎಷ್ಟು ಎಂಬುದಕ್ಕೆ ನಮ್ಮ ಗಡಿಯ ಪಕ್ಕದಲ್ಲೇ ಒಂದು ಒಳ್ಳೆಯ ಲೆಕ್ಕವಿದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಸಂಜಯ ಗೋವಿಂದವಾರ ಮತ್ತು ಅವರ ಜೊತೆಗಾರರು ಬಟ್ಟೆಯ ಬಣ್ಣಗಳನ್ನು ಒಡೆಯುವ ಬ್ಯಾಕ್ಟೀರಿಯಾಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಲ್ಲಿಗೆ ಹತ್ತಿರದ ಇಚಲಕರಂಜಿಯ ತುಂಬ ಮಗ್ಗಗಳು, ಬಣ್ಣದ ಘಟಕಗಳು. ಅದರ ಪಕ್ಕದ ಪಂಚಗಂಗಾ ನದಿ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಕೃಷ್ಣೆಯೇ ಮುಂದೆ ಬೆಳಗಾವಿ ಜಿಲ್ಲೆಗೆ ಬಂದು ಆಲಮಟ್ಟಿಗೆ ಇಳಿಯುವುದು. ವಾಡಿಗೆ ದತ್ತನ ದರ್ಶನಕ್ಕೆ ಹೋಗುವ ನಮ್ಮ ಕಡೆಯವರು ಮುಳುಗು ಹಾಕುವುದು ಆ ಸಂಗಮದಲ್ಲೇ. ಹಾಗಾಗಿ ಅಲ್ಲಿನ ಬಣ್ಣದ ಪ್ರಶ್ನೆ ಮಹಾರಾಷ್ಟ್ರದ್ದು ಮಾತ್ರ ಅಲ್ಲ.

2009ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ ಸ್ಕಾರ್ಲೆಟ್ ಆರ್ ಎಂಬ ಕೆಂಪು ಅಜೋ ಬಣ್ಣವನ್ನು ಎರಡು ಬ್ಯಾಕ್ಟೀರಿಯಾಗಳಿಗೆ ಕೊಟ್ಟು ನೋಡಿದರು. ಪ್ರೋಟಿಯಸ್ ವಲ್ಗ್ಯಾರಿಸ್ ಒಂದೇ ಇದ್ದಾಗ ಗಂಟೆಗೆ ಸುಮಾರು 3.5 ಮಿಲಿಗ್ರಾಂ ಬಣ್ಣ ತೆಗೆಯಿತು. ಮೈಕ್ರೊಕಾಕಸ್ ಗ್ಲುಟಾಮಿಕಸ್ ಒಂದೇ ಇದ್ದಾಗ ಗಂಟೆಗೆ 2.5 ಮಿಲಿಗ್ರಾಂ. ಎರಡನ್ನೂ ಕೂಡಿಸಿ ಬಿಟ್ಟಾಗ ಗಂಟೆಗೆ 16.6 ಮಿಲಿಗ್ರಾಂ. ಎರಡೂ ಪ್ರತ್ಯೇಕವಾಗಿ ಮಾಡುವ ಕೆಲಸ ಕೂಡಿಸಿದರೆ 6, ಒಟ್ಟಿಗೆ ಮಾಡಿದ್ದು 16ಕ್ಕೂ ಮೇಲೆ. ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ನಾನು ಈ ಉದಾಹರಣೆ ತೆಗೆಯುತ್ತಿರಲಿಲ್ಲ. ಅವರು ಕೆಂಪು ಹೋಯಿತು ಎಂದು ಫ್ಲಾಸ್ಕ್ ಕೆಳಗಿಡಲಿಲ್ಲ. ನೀರಿನಲ್ಲಿ ಒಟ್ಟು ಸಾವಯವ ಇಂಗಾಲ ಎಷ್ಟು ಉಳಿದಿದೆ ಎಂದು ಅಳೆದರು, ಅದು ಶೇಕಡಾ 90ಕ್ಕಿಂತ ಹೆಚ್ಚು ಇಳಿದಿತ್ತು.

ಯಾಕೆ ಅಳೆಯಬೇಕಾಯಿತು? ಇಲ್ಲಿಯೇ ವಿಷಯದ ತಿರುಳು ಇರುವುದು. ಅಜೋ ಬಣ್ಣದ ಅಣುವಿನ ನಡುವೆ ಎರಡು ಸಾರಜನಕಗಳನ್ನು ಜೋಡಿಸುವ ಒಂದು ಕೊಂಡಿಯಿದೆ. ಆ ಕೊಂಡಿ ಇದ್ದರೆ ಬಣ್ಣ ಕಾಣುತ್ತದೆ, ಮುರಿದರೆ ಮಾಯ. ಗಾಳಿಯಿಲ್ಲದ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಈ ಕೊಂಡಿಯನ್ನು ಸುಲಭವಾಗಿ ಮುರಿಯುತ್ತವೆ. ನೀರು ತಿಳಿಯಾಗುತ್ತದೆ, ನೋಡಿದವರು ಶುದ್ಧವಾಯಿತು ಎನ್ನುತ್ತಾರೆ. ಆದರೆ ಕೊಂಡಿ ಮುರಿದಾಗ ಹುಟ್ಟುವ ಎರಡು ತುಂಡುಗಳಿಗೆ ಆರೊಮ್ಯಾಟಿಕ್ ಅಮೀನ್ ಎಂದು ಹೆಸರು. ಅವಕ್ಕೆ ಬಣ್ಣವಿಲ್ಲ, ಆದರೆ ಅವುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಹೆಚ್ಚು ವಿಷ. ಬೆಂಜಿಡೀನ್‌ನಂಥವು ಕ್ಯಾನ್ಸರ್ ತರುತ್ತವೆ. ಈ ಅಮೀನುಗಳನ್ನು ಒಡೆಯಲು ಸಾಮಾನ್ಯವಾಗಿ ಗಾಳಿ ಬೇಕು, ಗಾಳಿಯಲ್ಲಿ ಬದುಕುವ ಬೇರೆ ಬ್ಯಾಕ್ಟೀರಿಯಾಗಳು ಬೇಕು. ಹಾಗಾಗಿ ಮೊದಲು ಗಾಳಿಯಿಲ್ಲದ ತೊಟ್ಟಿ, ಆಮೇಲೆ ಗಾಳಿ ಊದುವ ತೊಟ್ಟಿ. ಮೊದಲನೆಯದನ್ನು ಮಾತ್ರ ಕಟ್ಟಿ ಬಿಟ್ಟರೆ, ಕಣ್ಣಿಗೆ ಕಾಣುತ್ತಿದ್ದ ವಿಷವನ್ನು ಕಾಣದ ವಿಷ ಮಾಡಿ ನದಿಗೆ ಬಿಟ್ಟಂತೆ.

ಅರ್ಧ ಕೆಲಸದ ಅಪಾಯ ಬಣ್ಣಕ್ಕೆ ಮಾತ್ರ ಸೀಮಿತವಲ್ಲ. ಕಾಸರಗೋಡಿನ ಕನ್ನಡಿಗರಿಗೆ ಎಂಡೋಸಲ್ಫಾನ್ ಎಂಬ ಪದ ಬಿಡಿಸಿ ಹೇಳಬೇಕಿಲ್ಲ. ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳ ಕತೆಯನ್ನು ಪತ್ರಕರ್ತ ಶ್ರೀಪಡ್ರೆ ಮತ್ತು ಡಾ. ವೈ.ಎಸ್. ಮೋಹನ್ ಕುಮಾರ್ ಹೊರಜಗತ್ತಿಗೆ ತಿಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. ಆ ಮಣ್ಣಿನಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಇರಲಿಲ್ಲವೇ? ಇದ್ದವು. ಎಂಡೋಸಲ್ಫಾನ್ ಮೇಲೆ ಕೆಲಸವನ್ನೂ ಮಾಡಿದವು. ಆದರೆ ಮಣ್ಣಿನ ಸೂಕ್ಷ್ಮಾಣುಗಳ ಮುಂದೆ ಎರಡು ದಾರಿಗಳಿವೆ. ಒಂದು ದಾರಿಯಲ್ಲಿ ಅದು ಡಯೋಲ್ ಎಂಬ ಹೆಚ್ಚು ಸೌಮ್ಯ ಪದಾರ್ಥವಾಗುತ್ತದೆ. ಇನ್ನೊಂದು ದಾರಿಯಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಈ ಸಲ್ಫೇಟು ಮೂಲದಷ್ಟೇ ವಿಷಕಾರಿ, ಮಣ್ಣಿನಲ್ಲಿ ಅದಕ್ಕಿಂತ ಹೆಚ್ಚು ಕಾಲ ಉಳಿಯುವಂಥದ್ದು. ‘ಸೂಕ್ಷ್ಮಾಣುಗಳು ಎಂಡೋಸಲ್ಫಾನನ್ನು ಬದಲಾಯಿಸಿದವು’ ಎಂಬ ವಾಕ್ಯ ಎರಡೂ ದಾರಿಗೆ ನಿಜ. ಆದರೆ ಒಂದರಲ್ಲಿ ಊರಿಗೆ ಉಪಕಾರ, ಇನ್ನೊಂದರಲ್ಲಿ ಏನೂ ಇಲ್ಲ.

ಅಮೆರಿಕದಲ್ಲಿ, ಯುರೋಪಿನಲ್ಲಿ ಡ್ರೈಕ್ಲೀನಿಂಗ್ ದ್ರಾವಣಗಳು ಇಳಿದ ಅಂತರ್ಜಲದಲ್ಲೂ ಇದೇ ಅನುಭವವಾಯಿತು. ಆ ದ್ರಾವಣದ ಅಣುವಿನಲ್ಲಿ ನಾಲ್ಕು ಕ್ಲೋರಿನ್ ಇವೆ. ನೆಲದಡಿಯ ಬ್ಯಾಕ್ಟೀರಿಯಾಗಳು ಒಂದೊಂದೇ ಕ್ಲೋರಿನ್ ಕಿತ್ತು ಹಾಕುತ್ತ ಬರುತ್ತವೆ. ಎಷ್ಟೋ ಕಡೆ ಒಂದೇ ಕ್ಲೋರಿನ್ ಉಳಿದ ಹಂತದಲ್ಲಿ ಕೆಲಸ ನಿಂತುಬಿಡುತ್ತಿತ್ತು. ಆ ಹಂತದ ಪದಾರ್ಥಕ್ಕೆ ವಿನೈಲ್ ಕ್ಲೋರೈಡ್ ಎಂದು ಹೆಸರು, ಅದು ಕ್ಯಾನ್ಸರ್‌ಕಾರಕ. ಆ ಕೊನೆಯ ಕ್ಲೋರಿನ್ ತೆಗೆಯಬಲ್ಲ ಬ್ಯಾಕ್ಟೀರಿಯಾ ಡೀಹ್ಯಾಲೊಕಾಕಾಯ್ಡಿಸ್. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಅದನ್ನು ಬೇರ್ಪಡಿಸಿದ ವಿವರ ಪ್ರಕಟಿಸಿದರು. ಈ ಬ್ಯಾಕ್ಟೀರಿಯಾದ ಒಂದು ವಿಚಿತ್ರವೆಂದರೆ, ಬೇರೆ ಹೆಚ್ಚಿನವು ಮಾಡದ ಕೊನೆಯ ಕೆಲಸ ಅದು ಮಾಡುತ್ತದೆ, ಆದರೆ ಒಂಟಿಯಾಗಿ ಬಿಟ್ಟರೆ ಸೊರಗುತ್ತದೆ. ತನಗೆ ಬೇಕಾದ ಬಿ12 ವಿಟಮಿನ್ ಅದಕ್ಕೆ ತಯಾರಿಸಲು ಬರುವುದಿಲ್ಲ, ನೆರೆಯ ಬ್ಯಾಕ್ಟೀರಿಯಾಗಳು ಕೊಡಬೇಕು. ಉಸಿರಾಟಕ್ಕೆ ಬೇಕಾದ ಹೈಡ್ರೋಜನ್ನನ್ನೂ ನೆರೆಯವರೇ ಕೊಡಬೇಕು. ಅದಕ್ಕೇ ಈಗ ಅಲ್ಲಿ ಕಲುಷಿತ ಬಾವಿಗಳಿಗೆ ಇಳಿಸುವುದು ಅದನ್ನೊಂದನ್ನೇ ಅಲ್ಲ, ಅದರ ಇಡೀ ಕೇರಿಯನ್ನು.

ಒಬ್ಬನೇ ಎಲ್ಲವನ್ನೂ ಮಾಡುವ ಬ್ಯಾಕ್ಟೀರಿಯಾ ಬೇಕು ಎಂಬ ಆಸೆ ವಿಜ್ಞಾನಿಗಳಿಗೂ ಇತ್ತು. ಬಂಗಾಳದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಆನಂದಮೋಹನ ಚಕ್ರವರ್ತಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಒಂದರಲ್ಲಿ ನಾಲ್ಕು ಪ್ಲಾಸ್ಮಿಡ್‌ಗಳನ್ನು ಸೇರಿಸಿ, ಕಚ್ಚಾ ತೈಲದ ಹಲವು ಭಾಗಗಳನ್ನು ತಾನೇ ಒಡೆಯುವ ಜೀವಿಯನ್ನು ತಯಾರಿಸಿದರು. ಜೀವಿಗೆ ಪೇಟೆಂಟ್ ಕೊಡಬಹುದೇ ಎಂಬ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1980ರ ಜೂನ್ 16ರಂದು ಐದಕ್ಕೆ ನಾಲ್ಕರ ಬಹುಮತದಲ್ಲಿ ಚಕ್ರವರ್ತಿ ಗೆದ್ದರು. ಕಾನೂನಿನ ಚರಿತ್ರೆಯಲ್ಲಿ ಅದು ದೊಡ್ಡ ಹೆಸರು. ಆದರೆ ಆ ಬ್ಯಾಕ್ಟೀರಿಯಾವನ್ನು ಯಾವ ಸಮುದ್ರದ ತೈಲದ ಮೇಲೂ ಬಿಡಲಿಲ್ಲ.

1989ರ ಮಾರ್ಚಿನಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಒಡೆದು ತೀರಕ್ಕೆಲ್ಲ ತೈಲ ಮೆತ್ತಿಕೊಂಡಾಗ ಬ್ಯಾಕ್ಟೀರಿಯಾ ನೆಚ್ಚಿ ಮಾಡಿದ ಮುಖ್ಯ ಕೆಲಸವೇನು ಗೊತ್ತೇ? ಗೊಬ್ಬರ ಹಾಕಿದರು. ಸಾರಜನಕ, ರಂಜಕ. ತೈಲ ತಿನ್ನುವ ಬ್ಯಾಕ್ಟೀರಿಯಾಗಳು ಆ ಕಲ್ಲುಗಳ ಮೇಲೆ ಮೊದಲೇ ಇದ್ದವು. ಎದುರಿಗೆ ಬೆಟ್ಟದಷ್ಟು ಇಂಗಾಲವಿತ್ತು, ಆದರೆ ಮೈ ಕಟ್ಟಲು ಬೇಕಾದ ಸಾರಜನಕ, ರಂಜಕ ಇರಲಿಲ್ಲ. ಅನ್ನ ಇದೆ, ಸಾರಿಲ್ಲ ಎಂಬಂತೆ. ಸಾರು ಬಡಿಸಿದ ಮೇಲೆ ಊಟ ಚುರುಕಾಯಿತು.

ನಮ್ಮ ದೇಶದಲ್ಲಿ ದೆಹಲಿಯ ಟೆರಿ ಸಂಸ್ಥೆಯವರು ತಯಾರಿಸಿದ ‘ಆಯಿಲ್‌ಜ್ಯಾಪರ್’ ಒಂದು ಸಮುದಾಯ. ತೈಲದ ಬೇರೆ ಬೇರೆ ಭಾಗಗಳನ್ನು ಒಡೆಯುವ ಬೇರೆ ಬೇರೆ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಕೂಡಿಸಿ ಕೊಡುತ್ತಾರೆ. ತೈಲ ಶುದ್ಧೀಕರಣ ಘಟಕಗಳ ಕೆಸರಿಗೆ ಅದನ್ನು ವ್ಯಾಪಕವಾಗಿ ಬಳಸಿದ್ದಾರೆ. 2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಬಳಿ ಎರಡು ಹಡಗುಗಳು ಡಿಕ್ಕಿಯಾಗಿ ತೈಲ ಸೋರಿದ್ದು ಅಲ್ಲಿನ ನಮ್ಮ ಓದುಗರಿಗೆ ನೆನಪಿರಬಹುದು. ಆಗ ತೀರವನ್ನು ಶುಚಿ ಮಾಡಲೂ ಇದನ್ನು ಬಳಸಿದರು. ಆದರೆ ಗಮನಿಸಿ: ಕೆಸರಿನ ಮೇಲೆ ಪುಡಿ ಎರಚಿ ಮನೆಗೆ ಹೋಗುವ ಕೆಲಸವಲ್ಲ ಇದು. ನೆಲ ಅಗೆದು ತಿರುವಿ ಹಾಕಬೇಕು, ತೇವ ಕಾಯಬೇಕು, ಪೋಷಕಾಂಶ ಕೊಡಬೇಕು, ಎಣ್ಣೆಯ ಅಂಶ ಎಷ್ಟು ಇಳಿಯಿತು ಎಂದು ತಿಂಗಳುಗಟ್ಟಲೆ ಅಳೆಯುತ್ತ ಇರಬೇಕು.

ಈಗ ಸಟಾಣಾಕ್ಕೆ ಬರೋಣ. ನಾನು ತಿಕೋಟಾ ಕಡೆಯವನು. ಮಣ್ಣು, ನೀರಿನ ಪರೀಕ್ಷೆಯ ಕೆಲಸಕ್ಕೆಂದು ಇಲ್ಲಿಗೆ ಬಂದವನು. ಊರಲ್ಲಿ ನಮ್ಮದೂ ದ್ರಾಕ್ಷಿ ಪಡವೇ, ಹಾಗಾಗಿ ಇಲ್ಲಿನವರ ಕಷ್ಟ ನನಗೆ ಹೊಸದಲ್ಲ. ಬಾಗಲಾಣದ ದ್ರಾಕ್ಷಿ ಬೇಗ ಕೊಯ್ಲಿಗೆ ಬರುವಂಥದ್ದು. ಬೇಗ ಬಂದರೆ ರೇಟು ಚೆನ್ನಾಗಿ ಸಿಗುತ್ತದೆ, ಆದರೆ ಮಳೆಗಾಲದಲ್ಲೇ ಚಾಟನಿ ಮಾಡಬೇಕು. ಮಳೆಗೆ ಬೂದಿ, ಕೊಳೆ ಎಲ್ಲ ಹಿಂದೆಯೇ ಬರುತ್ತವೆ. ಹಾಗಾಗಿ ಎಣ್ಣೆ ಹೊಡೆಯುವುದೂ ಹೆಚ್ಚು. ಹೊರದೇಶಕ್ಕೆ ಕಳಿಸುವ ದ್ರಾಕ್ಷಿಯಲ್ಲಿ ಔಷಧದ ಉಳಿಕೆ ಮಿತಿ ಮೀರಿದರೆ ಕಂಟೇನರೇ ನಿಲ್ಲುತ್ತದೆ. 2010ರಲ್ಲಿ ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆಯ ಕಾರಣಕ್ಕೆ ಭಾರತದ ದ್ರಾಕ್ಷಿ ಯುರೋಪಿನಲ್ಲಿ ನಿಂತದ್ದನ್ನು ನಾಶಿಕದಲ್ಲಾಗಲಿ ವಿಜಯಪುರದಲ್ಲಾಗಲಿ ಬೆಳೆಗಾರರು ಮರೆತಿಲ್ಲ.

ಹೀಗಾಗಿ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರು ದ್ರಾಕ್ಷಿ ಬಳ್ಳಿಯ ಮೇಲೆ, ಬೇರಿನ ಸುತ್ತ ಮೊದಲೇ ಬದುಕುವ ಬ್ಯಾಕ್ಟೀರಿಯಾಗಳನ್ನು ಹುಡುಕಿದರು. ಬ್ಯಾಸಿಲಸ್ ಸಬ್ಟಿಲಿಸ್‌ನ ನಾಲ್ಕು ತಳಿಗಳು ಪ್ರೊಫೆನೊಫಾಸ್ ಎಂಬ ಕೀಟನಾಶಕವನ್ನು ಹಣ್ಣಿನ ಮೇಲೂ ಮಣ್ಣಿನಲ್ಲೂ ಬೇಗ ಒಡೆಯುತ್ತವೆ ಎಂದು 2013ರಲ್ಲಿ ಪ್ರಕಟಿಸಿದರು. ಒಡೆದ ಮೇಲೆ ಯಾವ ಪದಾರ್ಥ ಉಳಿಯುತ್ತದೆ ಎಂಬುದನ್ನೂ ಗುರುತಿಸಿದರು. ಮರುವರ್ಷ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ಬಗ್ಗೆಯೂ ಇಂಥದ್ದೇ ಕೆಲಸ ಬಂತು. ಅಂದರೆ ಬಾಟಲಿಯ ಮೇಲಿನ ಮಾತಿಗೆ ಬುಡವೇ ಇಲ್ಲವೆಂದಲ್ಲ.

ನಮ್ಮ ಮನೆ ಮಾಲೀಕರನ್ನು ನಾನು ಕಾಕಾ ಎನ್ನುತ್ತೇನೆ. ಅವರ ಹಳೆಯ ದಾಳಿಂಬೆ ಹೊಲದಲ್ಲಿ ಈಗ ದ್ರಾಕ್ಷಿ ಇದೆ. ಒಂದು ಸಂಜೆ ಬಾಟಲಿ ತಂದು ನನ್ನ ಮುಂದಿಟ್ಟರು.

“ನೀವು ಮಣ್ಣು ನೋಡುವವರು, ಹೇಳಿ ಸಾಹೇಬ. ಒಂದು ಮಿಲಿಗೆ ಹತ್ತು ಕೋಟಿ ಅಂತ ಬರೆದಿದೆ. ಇಷ್ಟು ಕೋಟಿ ಬಂದು ತಿಂದರೆ ಮಣ್ಣಿನಲ್ಲಿ ಏನು ಉಳಿದೀತು?”

“ಏನನ್ನು ತಿನ್ನುತ್ತವೆ ಅಂತ ಬರೆದಿದೆ ಕಾಕಾ?”

ಅವರು ಕನ್ನಡಕ ಏರಿಸಿ ಹುಡುಕಿದರು. “ಎಲ್ಲಾ ವಿಷ ಅಂತಿದೆ.”

“ನಿಮ್ಮ ಹೊಲದಲ್ಲಿ ಯಾವ ವಿಷ ಇದೆ?”

ಅದಕ್ಕೆ ಅವರು ಬೆರಳು ಮಡಚತೊಡಗಿದರು. ತೇಲ್ಯಾ ಇದ್ದಾಗ ಹೊಡೆದ ಬೋರ್ಡೋ, ಕಾಪರ್, ಸ್ಟ್ರೆಪ್ಟೋಮೈಸಿನ್. ಆಮೇಲೆ ದ್ರಾಕ್ಷಿಗೆ ಹೊಡೆದವು. ಒಂದು ಕೈಯ ಬೆರಳು ಸಾಲಲಿಲ್ಲ.

ಈ ಪಟ್ಟಿಯಲ್ಲೇ ಉತ್ತರವಿತ್ತು. ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ. ತಾಮ್ರ ಒಂದು ಧಾತು, ಅದನ್ನು ಒಡೆಯಲು ಯಾವ ಬ್ಯಾಕ್ಟೀರಿಯಾದಿಂದಲೂ ಆಗುವುದಿಲ್ಲ. ಹೆಚ್ಚೆಂದರೆ ಅಂಟಿಸಿ ಹಿಡಿಯಬಹುದು, ರೂಪ ಬದಲಿಸಬಹುದು. ವರ್ಷ ವರ್ಷ ಸುರಿದ ತಾಮ್ರ ಮೇಲ್ಮಣ್ಣಿನಲ್ಲೇ ಕೂರುತ್ತದೆ. ಸಾಲದ್ದಕ್ಕೆ ತಾಮ್ರವನ್ನು ಹೊಡೆಯುವುದೇ ಬ್ಯಾಕ್ಟೀರಿಯಾ, ಶಿಲೀಂಧ್ರ ಸಾಯಲೆಂದು. ಸ್ಟ್ರೆಪ್ಟೋಮೈಸಿನ್ನೂ ಅಷ್ಟೇ. ತೇಲ್ಯಾದ ಬ್ಯಾಕ್ಟೀರಿಯಾ ಯಾವುದು, ಮಣ್ಣಿನ ಒಳ್ಳೆಯ ಬ್ಯಾಕ್ಟೀರಿಯಾ ಯಾವುದು ಎಂದು ಅವು ವಿಚಾರಿಸಿ ಕೊಲ್ಲುವುದಿಲ್ಲ. ಇವತ್ತು ಕಾಪರ್ ಹೊಡೆದು ನಾಳೆ ಅದೇ ಹೊಲಕ್ಕೆ ಬ್ಯಾಕ್ಟೀರಿಯಾ ಬಿಟ್ಟರೆ, ಕೆಂಡದ ಮೇಲೆ ಅತಿಥಿಗಳನ್ನು ಕೂರಿಸಿದಂತಾಗುತ್ತದೆ.

ಕಾಕಾ ಅವರಿಗೆ ನಾನು ಹೇಳಿದ್ದು ಇಷ್ಟು. ಎಕರೆಗೆ ಸಾವಿರಾರು ರೂಪಾಯಿ ಬಾಟಲಿಗೆ ಸುರಿಯುವ ಮೊದಲು ಮಣ್ಣಿನ ಸಾವಯವ ಇಂಗಾಲ ಮತ್ತು ತಾಮ್ರ ಎರಡನ್ನೂ ಪರೀಕ್ಷೆ ಮಾಡಿಸೋಣ. ಕೊಟ್ಟಿಗೆ ಗೊಬ್ಬರ ಬೀಳದ ಮಣ್ಣಿನಲ್ಲಿ ಹೊರಗಿನಿಂದ ಬಂದ ಬ್ಯಾಕ್ಟೀರಿಯಾ ಬಹಳ ದಿನ ಬದುಕುವುದಿಲ್ಲ. ಅಲ್ಲಿ ಮೊದಲೇ ಇರುವ ಸೂಕ್ಷ್ಮಾಣುಗಳ ಜೊತೆ ಜಾಗಕ್ಕೂ ಅನ್ನಕ್ಕೂ ಹೋರಾಡಬೇಕು. ಮನೆ ಸರಿಮಾಡಿದರೆ ಅಲ್ಲೇ ಇರುವವು ಎದ್ದು ಕೆಲಸ ಮಾಡುತ್ತವೆ. ಆಮೇಲೂ ಬಾಟಲಿ ಬೇಕೆನಿಸಿದರೆ ಹೊಲದ ಒಂದು ಮೂಲೆಯಲ್ಲಿ ಹಾಕಿ, ಇನ್ನೊಂದು ಮೂಲೆಯಲ್ಲಿ ಬಿಟ್ಟು, ಎರಡೂ ಕಡೆಯ ಹಣ್ಣಿನ ಉಳಿಕೆ ಪರೀಕ್ಷೆ ಮಾಡಿಸಿ ನೋಡೋಣ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದರೆ ಗೊಬ್ಬರದ ಟ್ರ್ಯಾಕ್ಟರಿಗೆ ಹೇಳಬೇಕು ಅನ್ನಿ” ಎಂದರು. ಬಾಟಲಿಯನ್ನು ಅಂಗಡಿಯವನು ವಾಪಸ್ ತೆಗೆದುಕೊಂಡನೋ ಇಲ್ಲವೋ ನಾನು ಕೇಳಲಿಲ್ಲ.

ಇನ್ನು ನಿಮ್ಮ ನೆಲಮಾಳಿಗೆ. ಬ್ಯಾಕ್ಟೀರಿಯಾ ಸಮುದಾಯದ ಹಳೆಯ, ದೊಡ್ಡ, ಯಶಸ್ವಿ ಉದಾಹರಣೆ ನಿಮ್ಮ ಕಾರ್ ಪಾರ್ಕಿಂಗಿನ ಪಕ್ಕದಲ್ಲೇ ಇದೆ. ಬಹಳಷ್ಟು ಅಪಾರ್ಟ್‌ಮೆಂಟುಗಳ ಎಸ್‌ಟಿಪಿ ನಡೆಯುವುದು ‘ಆಕ್ಟಿವೇಟೆಡ್ ಸ್ಲಡ್ಜ್’ ಎಂಬ ವಿಧಾನದ ಮೇಲೆ ಅಥವಾ ಅದರ ಮರಿಗಳ ಮೇಲೆ. ಅದು ಹುಟ್ಟಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಆದರೆ ಅದರ ಕತೆಯ ಒಂದು ಎಳೆ ಬೆಂಗಳೂರಿಗೆ ಬರುತ್ತದೆ.

ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞ ಮ್ಯಾಂಚೆಸ್ಟರಿನ ಚರಂಡಿ ನೀರಿನ ಕೆಲಸಕ್ಕೆ ಸಲಹೆಗಾರರಾಗಿದ್ದರು. ಅವರೂ ಮೊದಲು ಎಂ-7 ಎಂದು ಕರೆದ ಒಂದೇ ಬ್ಯಾಕ್ಟೀರಿಯಾವನ್ನು ಹಿಡಿದು ನೀರು ತಿಳಿ ಮಾಡುವ ಪ್ರಯತ್ನ ನಡೆಸಿದ್ದರು. 1912ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿ ಚರಂಡಿ ನೀರಿಗೆ ಗಾಳಿ ಊದುವ ಪ್ರಯೋಗ ನೋಡಿ ಬಂದರು. ಆ ಮಾತನ್ನು ಮ್ಯಾಂಚೆಸ್ಟರಿನ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರಿಗೆ ಹೇಳಿದರು. ಇಬ್ಬರೂ ಬಾಟಲಿಯಲ್ಲಿ ಚರಂಡಿ ನೀರು ತುಂಬಿ ಗಾಳಿ ಊದಿದರು. ನೀರು ಪೂರ್ತಿ ಶುದ್ಧವಾಗಲು ಸುಮಾರು ಐದು ವಾರ ಬೇಕಾಯಿತು. ಆಗ ಅವರು ಮಾಡಿದ ಸಣ್ಣ ಕೆಲಸವೇ ದೊಡ್ಡ ಶೋಧ: ಮೇಲಿನ ತಿಳಿ ನೀರು ಚೆಲ್ಲಿ, ತಳದ ಕೆಸರನ್ನು ಬಿಸಾಡದೆ ಇಟ್ಟುಕೊಂಡು, ಅದರ ಮೇಲೆ ಹೊಸ ಚರಂಡಿ ನೀರು ಸುರಿದರು. ಮತ್ತೆ ಮತ್ತೆ ಹೀಗೆ ಮಾಡಿದಾಗ ಐದು ವಾರದ ಕೆಲಸ ಒಂದು ದಿನಕ್ಕೆ, ಆಮೇಲೆ ಕೆಲವು ಗಂಟೆಗಳಿಗೆ ಇಳಿಯಿತು. ನಮ್ಮ ಅಜ್ಜಿಯರು ಮೊಸರಿನ ಪಾತ್ರೆಯಲ್ಲಿ ಸ್ವಲ್ಪ ಉಳಿಸಿ ಹಾಲು ಹಾಕುತ್ತಿದ್ದ ಹಾಗೆಯೇ. 1914ರ ಏಪ್ರಿಲ್ 3ರಂದು ಅವರು ಇದನ್ನು ಜಗತ್ತಿಗೆ ಹೇಳಿದರು. ಆ ಕೆಸರಿನಲ್ಲಿದ್ದ ಬ್ಯಾಕ್ಟೀರಿಯಾಗಳನ್ನು ಯಾರೂ ಆರಿಸಿ ತಂದಿರಲಿಲ್ಲ, ಅವು ತಾವಾಗಿ ಸೇರಿ ಊರು ಕಟ್ಟಿಕೊಂಡಿದ್ದವು. ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಪ್ರಾಧ್ಯಾಪಕರಾಗಿ ಬಂದರು. ಇಲ್ಲಿಯೂ ಆ ಕೆಸರಿನ ಮೇಲೆ ಸಂಶೋಧನೆ ಮುಂದುವರಿಯಿತು.

ಆ ಊರಿಗೆ ಬೇಕಾದ್ದು ಬಹಳವಿಲ್ಲ. ಮೊದಲನೆಯದು ಗಾಳಿ: ತೊಟ್ಟಿಯ ನೀರಿನಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಎರಡನೆಯದು ಹದವಾದ ಊಟ: ಬಿಒಡಿ 100 ಇದ್ದರೆ ಸಾರಜನಕ 5, ರಂಜಕ 1. ನಮ್ಮ ಮನೆಗಳ ನೀರಿನಲ್ಲಿ ಇದು ತಾನಾಗಿಯೇ ಇರುತ್ತದೆ. ಮೂರನೆಯದು, ಮೇಲಿಂದ ವಿಷ ಬೀಳದಿರುವುದು. ಕರೆಂಟ್ ಬಿಲ್ ಉಳಿಸಲು ರಾತ್ರಿಯಿಡೀ ಬ್ಲೋವರ್ ನಿಲ್ಲಿಸಿದರೆ ಗಾಳಿ ಬೇಕಾದ ಬ್ಯಾಕ್ಟೀರಿಯಾಗಳು ಉಸಿರುಗಟ್ಟುತ್ತವೆ, ಗಾಳಿ ಬೇಡದವು ಮೇಲೇಳುತ್ತವೆ, ಬೆಳಿಗ್ಗೆ ಕೊಳೆತ ಮೊಟ್ಟೆಯ ವಾಸನೆ ಲಿಫ್ಟಿನವರೆಗೂ ಬರುತ್ತದೆ. ಎಲ್ಲ ಮನೆಗಳವರೂ ಹಬ್ಬದ ಮುಂಚೆ ಒಂದೇ ದಿನ ಬಚ್ಚಲಿಗೆ ಆಸಿಡ್, ಬ್ಲೀಚ್ ಸುರಿದರೂ ಅದೇ ಗತಿ. ಆಗ ಗುತ್ತಿಗೆದಾರ ಪ್ಯಾಕೆಟ್ ತರುತ್ತಾನೆ. ಹೊಸದಾಗಿ ಶುರುವಾದ ಪ್ಲಾಂಟಿಗೆ, ಪೂರ್ತಿ ಸತ್ತುಹೋದ ಪ್ಲಾಂಟಿಗೆ ಹೆಪ್ಪು ಬೇಕು, ನಿಜ. ಆದರೆ ಪಕ್ಕದ ಸೊಸೈಟಿಯ ಚೆನ್ನಾಗಿ ನಡೆಯುವ ಪ್ಲಾಂಟಿನಿಂದ ಒಂದು ಟ್ಯಾಂಕರ್ ಕೆಸರು ತಂದರೂ ಅದೇ ಹೆಪ್ಪು. ಬ್ಲೋವರ್ ನಿಲ್ಲಿಸಿಯೇ ಇಟ್ಟು ತಿಂಗಳಿಗೊಂದು ಪ್ಯಾಕೆಟ್ ಹಾಕುವುದು ಮಾತ್ರ ದುಡ್ಡನ್ನು ಚರಂಡಿಗೆ ಹಾಕಿದಂತೆ.

ನೀವೇ ಪರೀಕ್ಷಿಸಬಹುದಾದ ಒಂದು ಸುಲಭ ವಿಧಾನವಿದೆ. ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಗಾಜಿನ ಜಾಡಿಯಲ್ಲಿ ಆಪರೇಟರ್ ಕೈಯಲ್ಲಿ ತೆಗೆಸಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಕೆಸರು ಕಂದು ಬಣ್ಣಕ್ಕಿದ್ದು, ಹೂವಿನಂತೆ ಕೂಡಿ ತಳಕ್ಕಿಳಿದು, ಮೇಲೆ ತಿಳಿ ನೀರು ನಿಂತು, ಮೊದಲ ಮಳೆಯ ಮಣ್ಣಿನಂಥ ವಾಸನೆ ಬಂದರೆ ನಿಮ್ಮ ಊರು ಚೆನ್ನಾಗಿದೆ. ಕಪ್ಪಾಗಿದ್ದು ನಾರಿದರೆ ಗಾಳಿಯಿಲ್ಲ. ಕೆಸರು ಇಳಿಯದೆ ತೇಲುತ್ತಿದ್ದರೆ ಊರಿನಲ್ಲಿ ಜಗಳವಿದೆ, ತಿಳಿದವರನ್ನು ಕರೆಸಿ.

ಕೊನೆಗೆ ಮೂರು ಪ್ರಶ್ನೆ. ಹೊಲದಲ್ಲಾಗಲಿ, ಸೊಸೈಟಿಯಲ್ಲಾಗಲಿ, ಕೆರೆ ಶುಚಿ ಮಾಡುತ್ತೇವೆಂದು ಪಾಲಿಕೆಯ ಮುಂದೆ ಬಂದು ನಿಂತವರಿಗಾಗಲಿ, ‘ನಮ್ಮ ಬ್ಯಾಕ್ಟೀರಿಯಾ ವಿಷ ತಿನ್ನುತ್ತದೆ’ ಎಂದವರನ್ನು ಇವನ್ನು ಕೇಳಿ. ಯಾವ ವಿಷವನ್ನು, ಹೆಸರು ಹೇಳಿ. ತಿಂದ ಮೇಲೆ ಏನು ಉಳಿಯುತ್ತದೆ, ಅದನ್ನು ಯಾರು ತಿನ್ನುತ್ತಾರೆ. ಅವು ಬದುಕಲು ಗಾಳಿ, ತೇವ, ಊಟ ಯಾರು ಕೊಡುತ್ತಾರೆ, ಎಷ್ಟು ದಿನ. ಮೂರಕ್ಕೂ ಉತ್ತರವಿದ್ದರೆ ದುಡ್ಡು ಕೊಡಿ. ಎರಡನೆಯದಕ್ಕೆ ಉತ್ತರ ತಡವರಿಸಿದರೆ, ನೀರು ಎಷ್ಟೇ ತಿಳಿಯಾಗಿ ಕಂಡರೂ ಇನ್ನೊಂದು ಪರೀಕ್ಷೆ ಮಾಡಿಸದೆ ಸಹಿ ಹಾಕಬೇಡಿ.